ಅವಿರೋಧ ಆಯ್ಕೆಯ ಊರಿನಿಂದ

ಹೊಲದ ಮನೆ, ಅಕ್ಕಲಕೋಟೆ ರಸ್ತೆ
ಜನವರಿ ೧೯, ಸೋಮವಾರ

ಪ್ರೀತಿಯ ಮನೀಷಾಳಿಗೆ, ಸಿಟ್ಟಿನಲ್ಲಾದರೂ ಕೊನೆಯತನಕ ಓದುತ್ತೀ ಎಂಬ ಭರವಸೆಯಿಂದ ಗುರುನಾಥ ಬರೆಯುವುದು.

ನನ್ನ ಫೋನನ್ನು ನೀನು ಎತ್ತುತ್ತಿಲ್ಲ. ಅದಕ್ಕೇ ದುಧನಿಗೆ, ನಿನ್ನ ತವರಿಗೆ ಹೊರಟಿದ್ದ ನಿನ್ನ ತಮ್ಮ ಯೋಗಿರಾಜನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಅವ್ವ ಎರಡು ವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಬಡಿದು ತಾಟು ಮುಂದಕ್ಕೆ ತಳ್ಳುತ್ತಾಳೆ, ಅಷ್ಟೇ.

ಸರಪಂಚ ಸ್ಥಾನ ಈ ಸಲ ಹೆಂಗಸರಿಗೆ ಮೀಸಲಾದಾಗ ಊರವರು ಮಠದಲ್ಲಿ ಕೂಡಿದೆವು. ಇಪ್ಪತ್ತೈದು ವರ್ಷದಿಂದ ನಮ್ಮಲ್ಲಿ ಅದೇ ಪದ್ಧತಿ. ಹಿರಿಯರು ಒಂದು ಹೆಸರು ಹೇಳುವುದು, ಉಳಿದವರು ವಿಭೂತಿ ಮುಟ್ಟಿ ಆಣೆ ಮಾಡುವುದು, ಓಟಿನ ಗೊಡವೆಯೇ ಇಲ್ಲ. ಊರ ಬಾಯಲ್ಲಿ ಅದು 'ಬಿನವಿರೋಧ', ದೊಡ್ಡ ಮರ್ಯಾದೆ. ಈ ಸಲ ಯಾವಾಗಲೂ ಬರುತ್ತಿದ್ದ ಚನ್ನವೀರಪ್ಪನ ಹೆಸರು ಹೋಗಿ ಅವನ ಹೆಂಡತಿಯ ಹೆಸರು ಬಂತು. ಆಕೆ ಮಠಕ್ಕೂ ಬಂದಿರಲಿಲ್ಲ. ನೀನು ಮಾತ್ರ ಎದ್ದು ನಿಂತು, 'ಸಾಲಿ ಪಾಯಖಾನಿ ಕಾಗದದಾಗ ಮೂರ್ ಸಲ ಕಟ್ಟೀರಿ. ನಮ್ಮ ಹುಡುಗ್ಯಾರು ಕಾಗದದ ಮ್ಯಾಲ ಹೋಗಿ ಕುಂದರಬೇಕೇನ್ರಿ?' ಎಂದೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆ ಹೊತ್ತು ನನಗೂ ಹೆಮ್ಮೆಯಾಗಿತ್ತು, ಮನೀಷಾ. ಇದು ಸುಳ್ಳಲ್ಲ.

ಮರುದಿನವೇ ನೀನು ಉಮೇದುವಾರಿಕೆಯ ಅರ್ಜಿ ತುಂಬಿದೆ. ಸೂಚಕರ ಜಾಗದಲ್ಲಿ ನನ್ನ ಹೆಸರು ಹಾಕಿಸಿದೆ. ಹೊರಗಿನವರನ್ನಾದರೆ ಹೆದರಿಸಿ ತಿರುಗಿಸುತ್ತಾರೆ, ಗಂಡನನ್ನು ಹೇಗೆ ತಿರುಗಿಸುತ್ತಾರೆ ಎಂದು ನಿನ್ನ ಎಣಿಕೆ. ಮನೆಮನೆ ಅಲೆದೆ. ಎಂಬತ್ತು ದಾಟಿದ ಮುಕ್ತಾಬಾಯಿ, 'ದಿಲ್ಲಿಗಿ ಓಟ್ ಹಾಕೀನಿ, ಮುಂಬೈಗಿ ಹಾಕೀನಿ, ನಮ್ಮ ಊರಿಗಿ ಹಾಕಿ ಒಂದ್ ಜಲ್ಮ ಆತವ್ವಾ' ಎಂದು ನಿನ್ನ ಗಲ್ಲ ಸವರಿದ್ದನ್ನು ಎಷ್ಟು ಸಲ ಹೇಳಿದ್ದೆ!

ಆದರೆ ನಮ್ಮ ಕಬ್ಬನ್ನೂ ನೆನಪಿಸಿಕೋ. ಸುತ್ತಲಿನ ಹೊಲಗಳೆಲ್ಲ ಕಟಾವಾದರೂ ನಮ್ಮದು ಹೂ ಬಿಟ್ಟು ಒಣಗುತ್ತ ನಿಂತಿತ್ತು. ಕಡಿಯುವವರ ತಂಡ ನಮ್ಮ ಬದು ದಾಟಿ ಮುಂದೆ ಹೋಗುತ್ತಿತ್ತು. ತಂಡ ಕಳಿಸುವ ಸಕ್ಕರೆ ಕಾರ್ಖಾನೆಯಲ್ಲಿ ಯಾರ ಮಾತು ನಡೆಯುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಚನ್ನವೀರಪ್ಪ ನನ್ನನ್ನು ಬೈಯಲಿಲ್ಲ, ಹೆದರಿಸಲಿಲ್ಲ. ಚಹಾ ಕುಡಿಸಿ, 'ತಮ್ಮಾ, ಮನಿ ಮಾತು ಮನ್ಯಾಗ ಮುಗಿಸ್ಕೋ' ಎಂದ. ನೀರಲ್ಲಿದ್ದು ಮೊಸಳೆಯೊಡನೆ ವೈರ ಕಟ್ಟಿಕೊಳ್ಳುವ ಎದೆ ನಿನಗಿದೆ, ನನಗಿಲ್ಲ.

ಅರ್ಜಿ ಹಿಂಪಡೆಯುವ ಕಡೆಯ ದಿನ ನೀನು ಪ್ರಚಾರದ ಹ್ಯಾಂಡ್‌ಬಿಲ್ ತರಲು ಸೋಲಾಪುರಕ್ಕೆ ಹೋಗಿದ್ದೆ. ನಿನ್ನ ಅರ್ಜಿ ಹಿಂಪಡೆಯುವ ಕಾಗದವನ್ನು ಒಯ್ದು ಕೊಟ್ಟವನು ನಾನೇ. ಸೂಚಕನೇ ತಂದಿದ್ದಾನೆಂದು ಚುನಾವಣೆಯ ಸಾಹೇಬರು ತೆಗೆದುಕೊಂಡರು. ಚನ್ನವೀರಪ್ಪ ಅದನ್ನು ಸಹಿಯ ಸಮೇತ ನನ್ನ ಕೈಗಿಟ್ಟಿದ್ದ. ನಿನ್ನ ಹೆಸರಿನಲ್ಲಿ ಸಹಿ ಯಾರು ಮಾಡಿದರೋ, ಶಿವನೇ ಬಲ್ಲ. ಸಂಜೆ ನೀನು ಬಸ್ಸಿಳಿಯುವಾಗ ಊರಲ್ಲಿ ಗುಲಾಲು ಹಾರುತ್ತಿತ್ತು. ಯಾರನ್ನೂ ಏನೂ ಕೇಳದೆ ನೀನು ನನ್ನ ಮುಖ ನೋಡಿದೆ. ಆ ನೋಟ ನನ್ನನ್ನು ಉಣ್ಣಲು ಬಿಡುತ್ತಿಲ್ಲ. ಮರುದಿನ ಬೆಳಿಗ್ಗೆ ಕಬ್ಬು ಕಡಿಯುವವರು ಬಂದರು.

ಊರಲ್ಲಿ ಈಗ ಜಗಳವಿಲ್ಲ, ಮಾತೂ ಇಲ್ಲ. ಹೆಂಗಸರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ತಪ್ಪಾಯಿತು ಮನೀಷಾ. ನೀನಿಲ್ಲದ ಮನೆಯಲ್ಲಿ ನನಗೆ ಹೆದರಿಕೆಯಾಗುತ್ತದೆ. ಬಂದುಬಿಡು, ಬೇಕಾದಷ್ಟು ಬೈ.

ಇನ್ನೂ ನಿನ್ನ ಗಂಡನೆಂದೇ ತಿಳಿದಿರುವ,
ಗುರುನಾಥ

ತಾ.ಕ.: ಆ ಸಹಿ ನಿನ್ನದಲ್ಲವೆಂದು ನೀನು ಕೊಟ್ಟ ತಕರಾರಿನ ವಿಚಾರಣೆ ಬರುವ ಗುರುವಾರ ಇದೆ. ನೀನು ಖುದ್ದಾಗಿ ಬರುವುದು ಬೇಡವಂತೆ, ಕಾಗದ ಸಾಕೆಂದು ಚನ್ನವೀರಪ್ಪ ಹೇಳಿದ್ದಾನೆ. 'ಅರ್ಜಿ ಹಿಂಪಡೆದದ್ದು ನಾನೇ, ಸಹಿಯೂ ನನ್ನದೇ' ಎಂಬ ಹೇಳಿಕೆಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಕೆಳಗೆ ಸಹಿ ಹಾಕಿ ಯೋಗಿರಾಜನ ಕೈಯಲ್ಲೇ ವಾಪಸು ಕಳಿಸು. ಮನಸ್ಸಿಲ್ಲದಿದ್ದರೆ ಹಾಗೆಯೇ ಕಳಿಸಿದರೂ ನಡೆದೀತು. ನಿನ್ನ ಸಹಿ ಈಗ ನನ್ನ ಕೈಗೆ ರೂಢಿಯಾಗಿದೆ.