ಮೂರನೆಯ ದಿನ ನೀನು ಬಂದಿದ್ದೆ

ಹಂಪಕ್ಕ,

ಕುಡಿತ ಬಿಟ್ಟು ಇವತ್ತಿಗೆ ಒಂಬತ್ತು ದಿನ. ಬಿಟ್ಟ ಮರುದಿನವೇ ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊಲಿಯುತ್ತಿದ್ದಾಗ ಮೈಯೆಲ್ಲ ನಡುಗಿ ಬಿದ್ದೆ. ಜೊತೆಯವರು ಹೊಸಪೇಟೆಯ ಆಸ್ಪತ್ರೆಗೆ ತಂದು ಸೇರಿಸಿದರು.

ಮೂರನೆಯ ದಿನ ನೀನು ಬಂದು ನನ್ನ ಮಂಚದ ತುದಿಗೆ ಕುಳಿತೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. "ಉಂಡ್ಯೇನ್ಲೇ?" ಎಂದು ಕೇಳಿದೆ. ನಾನು ಹೂಂ ಅಂದೆ. ಆಮೇಲೆ ನಾನೇ ಏನೇನೋ ಮಾತಾಡುತ್ತಿದ್ದೆನಂತೆ.

ನರ್ಸ್ ಬಂದು, "ಯಾರ ಜೋಡಿ ಮಾತಾಡಾಕತ್ತೀರಿ? ಅಲ್ಲಿ ಯಾರೂ ಇಲ್ಲ" ಅಂದಳು. ಪಕ್ಕದ ಮಂಚದ ಮೂಕಣ್ಣನೂ ಕುಡಿತ ಬಿಡಲು ಬಂದವನೇ. "ನನಗ ಬರೇ ಹಾವು ಕಂಡ್ವು. ನಿನಗ ಸತ್ತ ಅಕ್ಕ ಬಂದು ಮಾತಾಡಿಸ್ಯಾಳ, ಬಿಡು" ಅಂದ.

ಇಂಜೆಕ್ಷನ್ ಕೊಟ್ಟರು. ಐದನೆಯ ದಿನ ಬೆಳಿಗ್ಗೆ ನೀನಿರಲಿಲ್ಲ.

ಇವತ್ತು ಡಾಕ್ಟರು, "ಅಕ್ಕ ಈಗೂ ಕಾಣ್ತಾರೇನು?" ಎಂದು ಕೇಳಿದರು.

"ಇಲ್ರಿ."

"ಭಾಳ ಚಲೋ ಆತು. ನಾಳೆ ಮನೀಗೆ ಹೋಗ್ರಿ."

ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ತಣ್ಣಗಾಗಿದ್ದ ಉಪ್ಪಿಟ್ಟು ತಿಂದೆ. ಡಾಕ್ಟರು ಚೀಟಿ ಬರೆಯುತ್ತ, "ಅವರು ಏನಂತಿದ್ರು?" ಎಂದರು.

"ಉಂಡ್ಯೇನು ಅಂತ ಕೇಳಿದ್ಲು. ಬ್ಯಾರೆ ಏನೂ ಕೇಳ್ಲಿಲ್ರಿ."

ಅದು ನಿಜ. ಹೋದ ವರ್ಷ ನಿನ್ನನ್ನು ಮಣ್ಣು ಮಾಡುವಾಗ ನಾನು ಎಲ್ಲಿದ್ದೆನೆಂದು ನೀನು ಕೇಳುತ್ತೀಯೆಂದು, ಆ ಎರಡು ದಿನವೂ ನಿನ್ನ ಮುಖವನ್ನೇ ನೋಡುತ್ತ ಕಾದಿದ್ದೆ.