ಅಪ್ಪನ ಫೋನಿಗೆ ಗೊತ್ತಾದ ಗುಟ್ಟು

ರಂಜಿತಕ್ಕ,

ಹಾಲು ಕಾಯಿಸಿಟ್ಟಿದ್ದೇನೆ. ಅಪ್ಪ ಅಂಗಡಿಗಳಿಗೆ ಸೀರೆ ಡಿಸೈನ್ ಕಳಿಸುವ ಫೋನಿನ ತುಂಬ ಇವತ್ತು ಕಿವಿ ಮೆಷಿನ್ನಿನ ಜಾಹೀರಾತು. "ನಂಗ್ಯಾಕಮ್ಮಾ ಇದು, ನಾನೇನ್ ಕಿವುಡ್ನಾ?" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಆ ಫೋನಿನಲ್ಲಿ ಅದನ್ನು ಹುಡುಕಿದ್ದು ನೀನು ತಾನೆ? ಮಗ್ಗದ ಸದ್ದಿಗೆ ನಿನ್ನ ಕಿವಿ ಮಂದವಾಗಿದೆ ಅಂತ ಯಾಕೆ ಹೇಳಲಿಲ್ಲ?

ನಾವು ಹ್ಞೂಂಗುಟ್ಟದಿದ್ದರೆ ಅಜ್ಜಿ ಕತೆ ನಿಲ್ಲಿಸಿಬಿಡುತ್ತಿದ್ದಳು. ಜಾಹೀರಾತು ತೋರಿಸುವ ಈ ಆ್ಯಪು ಹ್ಞೂಂ ಅನ್ನದೆಯೇ ಎಲ್ಲ ತಿಳಿದುಕೊಳ್ಳುವುದು ಹೇಗೆ ಅಂತ ಸೆಟ್ಟಿಂಗ್ಸ್ ಕೆದಕಿದೆ. ನೀನು ಬೆರಳಿಟ್ಟಿದ್ದನ್ನೆಲ್ಲ ಬರೆದಿಟ್ಟುಕೊಂಡಿದೆ ಕಣೇ! ಹುಡುಕಿದ್ದನ್ನು ಅಳಿಸಿ, ಟ್ರ್ಯಾಕಿಂಗ್ ಆಫ್ ಮಾಡಿದ್ದೇನೆ.

ಅಪ್ಪನಿಗೆ ನೀನೇ ಹೇಳು. ಸಂಜೆ ಕಿವಿ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ. ನನಗಿಂತ ಮೊದಲು ಆ ಫೋನಿಗೆ ಹೇಳಿಕೊಂಡೆಯಲ್ಲ, ಅದೊಂದೇ ಬೇಜಾರು.

ಪ್ರಮೋದಾ