ವಾಲ್ವಿನ ಮೇಲೆ ಒರಳುಗುಂಡು

ನವೆಂಬರ್ 16, ಭಾನುವಾರ. ಗುಬ್ಬಿ.

ಹೆಂಡತಿಯ ದಿನಚರಿ ಪುಸ್ತಕ ಕದ್ದು ಓದಲು ನಾಚಿಕೆಯಾಗುವುದಿಲ್ಲವೇ? ಈ ಮನೆಯಲ್ಲಿ ಆ ಚಾಳಿ ಇರುವುದು ನಿಮಗೊಬ್ಬರಿಗೇ. ಓದಿ, ಪೂರ್ತಿ ಓದಿ.

ಊರೂರಿನ ಕೈಪಂಪು ರಿಪೇರಿ ಮಾಡಿದವರು ನೀವು, ಒಪ್ಪಿದೆ. ಅದಕ್ಕೆಂದು ತೆಂಗಿನ ಮಟ್ಟೆ ಉರಿಸಿ ಓಡಿಸಲೆಂದು ನೀವೇ ಕಟ್ಟಿದ ಈ ಉಗಿ ಎಂಜಿನ್ನಿನ ಪಿಸ್ಟನ್ನಿಗೂ ಹರಳೆಣ್ಣೆಯಲ್ಲಿ ನೆನೆಸಿದ ಅದೇ ಚರ್ಮದ ವಾಷರೇ? ತಣ್ಣೀರಿಗೆ ಬಾಳುವ ಚರ್ಮ ಉಗಿಯಲ್ಲಿ ಬೆಂದು ಹಪ್ಪಳವಾಯಿತು. ಸಂದಿಯಲ್ಲಿ ಉಗಿ ಬುಸುಗುಟ್ಟಿ ಸೋರಿತು, ಚಕ್ರ ತಿರುಗಲಿಲ್ಲ.

ವಾಷರ್ ಬದಲಿಸುವುದು ಬಿಟ್ಟು, ಪ್ರೆಶರ್ ಏರಲೆಂದು ಬಾಯ್ಲರಿನ ಹೆಚ್ಚಾದ ಉಗಿ ಹೊರಬಿಡುವ ಸೇಫ್ಟಿ ವಾಲ್ವಿನ ಮೇಲೆ ನನ್ನ ಒರಳುಗುಂಡು ಹೇರಿದಿರಿ! ಮೊಮ್ಮಗಳು ಇಂಪನಾ ಪಕ್ಕದಲ್ಲೇ ನಿಂತಿದ್ದಳು.

"ಏನ್ರೀ, ಮನೆ ಹಾರಿಸ್ಬೇಕು ಅಂತ ಇದೀರಾ?" ಅಂದೆ.

"ನಿಂಗೇನ್ ಗೊತ್ತು ಬುಡು. ಹೋಗಿ ಚಟ್ನಿ ರುಬ್ಬು."

"ರುಬ್ಬೋ ಗುಂಡೇ ಅಲ್ಲಿ ಕೂತೈತಲ್ಲ, ನಿಮ್ ತಲೇಲಿ ರುಬ್ಲಾ?"

ಉರಿಯುವ ಮಟ್ಟೆಗಳನ್ನೆಲ್ಲ ನಾನೇ ಹೊರಗೆಳೆದು ಹಾಕಿದೆ. ಆಗಿನಿಂದ ನೀವು ಮಾತಾಡಿಲ್ಲ, ಉಂಡಿಲ್ಲ.

ಲೇತ್ ಅಂಗಡಿಯ ಭೀಮರಾಜ್ ಮೊದಲೇ ಹೇಳಿದ್ದ: "ಪಿಸ್ಟನ್ ಸುತ್ತ ಕೊರೆದು ಕಬ್ಬಿಣದ ರಿಂಗ್ ಕೂರ್ಸಾಣ ಕಣಣ್ಣ, ಚರ್ಮ ತಡಿಯಾಕಿಲ್ಲ." ನಿಮ್ಮ ಕೈಕೆಳಗೆ ಕಲಿತವನ ಮಾತು ಕೇಳುವುದು ನಿಮಗೆ ಕಷ್ಟ. ನನಗೆ ನಿಮ್ಮ ಹೆಣ ನೋಡುವುದು ಕಷ್ಟ, ಅಷ್ಟೇ.

ಭೀಮರಾಜನ ರಿಂಗೋ, ಇಲ್ಲ ನಾನೂ ಇಂಪನಾಳೂ ಕುಣಿಗಲ್ಲಿಗೆ ಮಗಳ ಮನೆಗೆ ಹೋಗುವುದೋ? ಡಿಸೆಂಬರ್ ಹುಟ್ಟುವ ಮೊದಲು ಇಲ್ಲೇ ಕೆಳಗೆ ಉತ್ತರ ಬರೆಯಿರಿ.